ಮೋಹೋಳದವರೆಗೆ ಹೋದ ಅತಿಥಿ

ಕಳೆದ ವಾರ ವಿಶ್ವವಿದ್ಯಾಲಯದವರು ನನಗೊಂದು ಚೀಲ ಕಳಿಸಿದ್ದರು. ವಿಚಾರ ಸಂಕಿರಣಕ್ಕೆ ಬರುವವರಿಗೆ ಹಂಚುವ ಚೀಲದ ಮಾದರಿ, ನೋಡಿ ಹೇಗಿದೆ ಹೇಳಿ ಅಂತ. ನಿವೃತ್ತನಾಗಿ ಮನೆಯಲ್ಲಿ ಕೂತವನಿಗೆ ಇಂಥ ಮರ್ಯಾದೆಗಳು ಆಗಾಗ ಸಿಗುತ್ತವೆ. ಬಿಚ್ಚಿದೆ. ಕೋರಾ ಬಟ್ಟೆ. ಒಂದು ಸಲವೂ ನೀರು ಕಾಣದ ಹೊಸ ಅರಿವೆಗೆ ಗಂಜಿಯ ವಾಸನೆ ಇರುತ್ತದಲ್ಲ, ಸ್ವಲ್ಪ ಹುಳಿ, ಸ್ವಲ್ಪ ಧೂಳು... ಅದು ಮೂಗಿಗೆ ಬಡಿದದ್ದೇ ತಡ, ನಾನು ಸೊಲ್ಲಾಪುರದ ಹಳೇ ಪೇಟೆಯಲ್ಲಿ, ಅರಿವೆ ಅಂಗಡಿಯ ಕಾಕಾನವರ ಗಾದಿಯ ಅಂಚಿಗೆ ಹೋಗಿ ಕೂತುಬಿಟ್ಟಿದ್ದೆ.

ಚೀಲದ ಜೊತೆ ಒಂದು ಕೆಲಸವನ್ನೂ ಹಚ್ಚಿದ್ದರು. ಬಹಳ ವರ್ಷಗಳ ಮೇಲೆ ಈ ಸಲ ಸಂಕಿರಣದಲ್ಲಿ ಕನ್ನಡದ ಗೋಷ್ಠಿ ಇಟ್ಟಿದ್ದಾರೆ. ಬರುವವರಿಗೆ ದಾರಿ ತಿಳಿಸುವ ಪುಟ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ತಯಾರಾಗಿದೆ, ಕನ್ನಡದ್ದು ನೀವು ಬರೆದುಕೊಡಿ ಎಂದರು. ಈಗಿನ ಕಾಲದಲ್ಲಿ ದಾರಿ ಬರೆಯುವುದೆಂದರೇನು? ಎಲ್ಲರ ಕೈಯಲ್ಲೂ ನಕಾಶೆ ಮಾತಾಡುತ್ತದೆ. ಅದು ಎತ್ತ ತಿರುಗು ಅಂದರೆ ಅತ್ತ ತಿರುಗುತ್ತಾರೆ, ಹೊಲದೊಳಗೆ ನುಗ್ಗು ಅಂದರೆ ನುಗ್ಗುತ್ತಾರೆ. ಆದರೂ ಬರೆಯಲು ಕೂತೆ. ಕಲಬುರಗಿ ಕಡೆಯಿಂದ ರೈಲಿಗೆ ಬರುವವರು ಅಕ್ಕಲಕೋಟ ರೋಡ್ ಎಂಬ ಸ್ಟೇಶನ್ನಿನ ಹೆಸರು ಕಂಡು ಇಳಿದುಬಿಡಬೇಡಿ. ಅಲ್ಲಿಂದ ಅಕ್ಕಲಕೋಟವೇ ದೂರ, ಸೊಲ್ಲಾಪುರ ಇನ್ನೂ ದೂರ. ವಿಜಯಪುರದಿಂದ ಬಸ್ಸಿಗೆ ಬರುವವರು ಎಸ್ಟಿ ಸ್ಟ್ಯಾಂಡಿನಲ್ಲಿ, ಅಂದರೆ ಸರಕಾರಿ ಬಸ್ ನಿಲ್ದಾಣದಲ್ಲಿ, ಇಳಿಯಿರಿ. ವಿಶ್ವವಿದ್ಯಾಲಯ ಊರೊಳಗಿಲ್ಲ, ಪುಣೆ ರಸ್ತೆಯಲ್ಲಿ ಊರು ಮುಗಿದ ಮೇಲೆ ಬರುತ್ತದೆ. ರಿಕ್ಷಾದವನು ಬಾಯಿಗೆ ಬಂದ ರೇಟು ಹೇಳಿದರೆ ಮುಂದಿನ ರಿಕ್ಷಾ ನೋಡಿ... ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಇದೇ ದಾರಿಯನ್ನು ನಾನು ಹಿಂದೊಮ್ಮೆಯೂ ಬರೆದಿದ್ದೆ. ಅದನ್ನು ಕೇಳಿ ನಕ್ಕವರು ಕಾಕಾ.

ನಾನು ಆಗ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕಾಕಾನವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರದು ತಲೆಮಾರುಗಳಿಂದ ಸಗಟು ಅರಿವೆ ವ್ಯಾಪಾರ. ಮನೆಯೊಳಗೆ ಕನ್ನಡ, ಗಾದಿಯ ಮೇಲೆ ಮರಾಠಿ, ಸೂರತ್ತಿನ ದಲಾಲರ ಜೊತೆ ಹಿಂದಿ. ಎಳವೆಯಲ್ಲಿ ಸ್ವಲ್ಪ ದಿನ ಕನ್ನಡ ಶಾಲೆಗೆ ಹೋಗಿದ್ದರಂತೆ, ಆಮೇಲೆ ತಂದೆ ಅಂಗಡಿಗೆ ಎಳಕೊಂಡರು. ಹಾಗಾಗಿ ಅಕ್ಷರಗಳನ್ನು ಒಂದೊಂದಾಗಿ, ಬಟ್ಟೆ ಅಳೆದ ಹಾಗೆ ಓದುತ್ತಿದ್ದರು. ನನಗೆ ಬರುವ ಕನ್ನಡ ಪತ್ರಿಕೆ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವರ ಗಾದಿಗೆ ಇಳಿಯುತ್ತಿತ್ತು. ಗಟ್ಟಿಯಾಗಿ ಓದುವರು. ಮಕ್ಕಳು ಸೊಸೆಯಂದಿರು ಯಾರಿಗೂ ಆ ಲಿಪಿ ಬರುತ್ತಿರಲಿಲ್ಲ. "ಮನ್ಯಾಗ ಇಷ್ಟು ಮಂದಿ ಅದೀವಿ ಮಾಸ್ತರ, ಕನ್ನಡ ಓದಾವ ನಾ ಒಬ್ಬಾವ. ನಾ ಹೋದ ಮ್ಯಾಲ ಈ ಪೇಪರಿನ್ಯಾಗ ಚೂಡಾ ಕಟ್ತಾರ ನೋಡ್ರಿ," ಅನ್ನುವರು. ದುಃಖದಿಂದೇನೂ ಅಲ್ಲ, ಮಾಲಿನ ರೇಟು ಹೇಳಿದ ಹಾಗೆ ಹೇಳುವರು.

ಅವರ ವ್ಯಾಪಾರದ ರೀತಿ ನೋಡುವಂಥದ್ದು. ತಡವಳ, ಚಪಳಗಾಂವ, ಇಂಥ ಹಳ್ಳಿಗಳಲ್ಲಿ ಸಣ್ಣ ಸಣ್ಣ ಅರಿವೆ ಅಂಗಡಿಗಳಿದ್ದವು. ಅವರಿಗೆಲ್ಲ ಮಾಲು ಹೋಗುತ್ತಿದ್ದುದು ಎಸ್ಟಿ ಬಸ್ಸಿನಲ್ಲಿ. ಗಂಟು ಕಟ್ಟಿ, ಮೇಲೆ ಊರ ಹೆಸರು ಬರೆದು, ಕಂಡಕ್ಟರನ ಕೈಗೆ ಒಪ್ಪಿಸುವುದು. ಆ ಊರಿನ ಸ್ಟ್ಯಾಂಡಿನಲ್ಲಿ ಅಂಗಡಿಯವನು ನಿಂತಿರಬೇಕು. ಅವನು ಬಂದು ಮುಖ ತೋರಿಸಿ ಕೈ ಚಾಚಿದರೇನೇ ಗಂಟು ಇಳಿಯುವುದು. ಯಾರೂ ಬರಲಿಲ್ಲವೋ, ರಸ್ತೆಯ ಮೇಲೆ ಇಳಿಸಿ ಹೋಗುವಂತಿಲ್ಲ. ಮುಂದಿನ ದೊಡ್ಡ ಸ್ಟ್ಯಾಂಡಿಗೆ ಒಯ್ದು, ಅಲ್ಲಿಯ ಕಂಟ್ರೋಲರನ ಕೋಣೆಯಲ್ಲಿಟ್ಟು, ಕಾಕಾನವರಿಗೆ ಫೋನು ಮಾಡಬೇಕು. ಆ ಸಾಲಿನ ಕಂಡಕ್ಟರುಗಳಿಗೆಲ್ಲ ಈ ಕಟ್ಟಳೆ ಬಾಯಿಪಾಠ. ಇದರಿಂದಾಗಿ ತಮ್ಮ ಒಂದು ಗಂಟೂ ಇಲ್ಲಿಯ ತನಕ ಕಳೆದಿಲ್ಲ ಎಂದು ಕಾಕಾ ಹೆಮ್ಮೆಪಡುತ್ತಿದ್ದರು.

ವಿಶ್ವವಿದ್ಯಾಲಯ ಆಗ ಹೊಸದು. ಅಲ್ಲೊಂದು ದೊಡ್ಡ ಸಂಕಿರಣ ಏರ್ಪಾಡಾಯಿತು, ಬೇರೆ ಬೇರೆ ವಿಷಯಗಳಿಗೆ ಬೇರೆ ಬೇರೆ ಗೋಷ್ಠಿ. ಕನ್ನಡಕ್ಕೂ ಒಂದು ಕೊಡಿ ಎಂದು ನಾನು ಸಂಚಾಲಕರ ಹಿಂದೆ ಬಿದ್ದೆ. ಕನ್ನಡಕ್ಕೆ ಯಾರು ಬರುತ್ತಾರೆ ಎಂದರು. ಬರುತ್ತಾರೆ ಎಂದೆ. ಕಡೆಗೆ ಬೇಡವಾದ ಬೀಗರಿಗೆ ಮೂಲೆಯ ಮಣೆ ಹಾಕಿದ ಹಾಗೆ ಹಿಂದಿನ ಕಟ್ಟಡದಲ್ಲಿ ಒಂದು ಸಣ್ಣ ಸಭಾಗೃಹ ಕೊಟ್ಟರು. ಊಟದ ಹೊತ್ತಿನವರೆಗೆ ಮಾತ್ರ. ಮುಖ್ಯ ಭಾಷಣಕಾರರು ಬಾರದಿದ್ದರೆ ಅದನ್ನೂ ಬೇರೆ ಗೋಷ್ಠಿಗೆ ಕೊಡುತ್ತೇವೆ, ಮುಂದೆ ಈ ಮಾತು ಎತ್ತಬಾರದು ಎಂದೂ ಹೇಳಿದರು. ನಾನು ಕರೆದಿದ್ದುದು ಕಲಬುರಗಿ ಕಡೆಯ ಒಬ್ಬ ಹಿರಿಯ ವಿದ್ವಾಂಸರನ್ನು. ನಾವೆಲ್ಲ ಗುರುಗಳೇ ಅನ್ನುತ್ತಿದ್ದೆವು. ಗಡಿಯ ಹಳ್ಳಿಗಳಲ್ಲಿ ಹೆಂಗಸರು ಬೀಸುಕಲ್ಲಿಗೆ ಕೂತು ಹಾಡುವ ಪದಗಳ ಮೇಲೆ ಅವರು ಮಾತಾಡುವವರಿದ್ದರು. ಹಿಂದಿನ ದಿನ ಅಕ್ಕಲಕೋಟದಲ್ಲಿ ಮಗಳ ಮನೆಗೆ ಬಂದು ಇಳಿದುಕೊಂಡು, ಮರುದಿನ ಬೆಳಿಗ್ಗೆ ಬರುವುದೆಂದು ಗೊತ್ತಾಗಿತ್ತು. ತೊಡಕು ಒಂದೇ. ಅವರ ಒಂದು ಕಣ್ಣಿಗೆ ಆಪರೇಶನ್ ಆಗಿತ್ತು, ಇನ್ನೊಂದು ಕಣ್ಣಿಗೆ ಆಗಬೇಕಿತ್ತು. ಎದುರು ನಿಂತವರನ್ನು ಧ್ವನಿಯಿಂದ ಗುರುತಿಸುತ್ತಿದ್ದರು.

ಈ ವಿಷಯ ಕಾಕಾನವರ ಕಿವಿಗೆ ಬಿದ್ದದ್ದೇ ಅವರು ಬದಲಾದರು. "ಬೀಸೂ ಪದದ ಬಗ್ಗೆ? ಯುನಿವರ್ಸಿಟಿದಾಗ? ಕನ್ನಡದಾಗ?" ಎಂದು ಮೂರು ಸಲ ಕೇಳಿದರು. ಆಮೇಲೆ ಬಹಳ ಮೆತ್ತಗೆ, "ನಮ್ಮಂಥಾವ್ರು ಬಂದು ಕುಂತ್ರ ನಡೀತದೇನ್ರಿ?" ಎಂದರು. ಅಷ್ಟು ದೊಡ್ಡ ವ್ಯಾಪಾರಿ ಹಾಗೆ ಕೇಳಿದ್ದು ನನಗೆ ಒಂಥರಾ ಆಯಿತು. ಅವಶ್ಯ ಬರ್ರಿ ಎಂದೆ. ಆ ದಿನ ಅಂಗಡಿ ಬಂದ್ ಎಂದು ಅಲ್ಲೇ ಸಾರಿಬಿಟ್ಟರು. ಹಬ್ಬದ ಖರೀದಿಯ ದಿನಗಳು, ಮಕ್ಕಳು ಗೊಣಗಿದರು. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಗುರುಗಳಿಗೆ ಕಳಿಸಲು ದಾರಿಯ ವಿವರ ಬರೆದು ಅವರಿಗೆ ಓದಿ ತೋರಿಸಿದೆ. ಅಕ್ಕಲಕೋಟದಲ್ಲಿ ಇಂಥ ಬಸ್ಸು ಹತ್ತಿ, ಇಂಥಲ್ಲಿ ಇಳಿದು, ಎಡಕ್ಕೆ ನಡೆದು, ಸಿಟಿ ಬಸ್ಸು ಹಿಡಿದು... ಕಾಕಾ ಹೊಟ್ಟೆ ಕುಣಿಸಿ ನಕ್ಕರು. "ಬಾಯಿದ್ದಾವ ಬರಗಾಲದಾಗೂ ಬದುಕ್ಯಾನ ಅಂತಾರ, ಖರೆ. ಆದ್ರ ಇದಕ್ಕ ಕಣ್ಣು ಬೇಕಲ್ರಿ ಮಾಸ್ತರ. ದಾರಿ ಹೇಳೂದು ಬ್ಯಾರೆ, ಮುಟ್ಟಸೂದು ಬ್ಯಾರೆ. ನಿಮ್ಮ ಗುರುಗಳನ್ನ ನನಗ ಬಿಡ್ರಿ." ಆ ಮೇಲೆ ಏರ್ಪಾಡು ಶುರುವಾಯಿತು. ಅಕ್ಕಲಕೋಟದಿಂದ ಪುಣೆಗೆ ನೇರ ಹೋಗುವ ಬಸ್ಸೊಂದಿದೆ. ಅದು ಸೊಲ್ಲಾಪುರ ದಾಟಿ ವಿಶ್ವವಿದ್ಯಾಲಯದ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಅದರ ಕಂಡಕ್ಟರ್ ಕಾಕಾನವರ ಹಳೇ ಗುರುತಿನವನು. ಮಗಳ ಮನೆಯವರು ಗುರುಗಳನ್ನು ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಅವನ ಕೈಗೆ ಒಪ್ಪಿಸುವುದು. ಗೇಟಿನಲ್ಲಿ ಕಾಕಾ ಖುದ್ದಾಗಿ ನಿಂತಿರುವುದು. ನಾಲ್ಕು ಲೇನಿನ ರಸ್ತೆ, ಲಾರಿಗಳ ಅಬ್ಬರ, ವಯಸ್ಸಾದ ಜೀವ. ನಮ್ಮವರು ಬಂದು ಕೈ ಹಿಡಿದ ಹೊರತು ಇಳಿಸಬಾರದು ಎಂದು ಕಾಕಾ ಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದನ್ನು ನಾನೇ ಕೇಳಿದೆ. ಯಾವ ತಪ್ಪೂ ಕಾಣಲಿಲ್ಲ.

ಅಂದು ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಧೋತರ, ಹೊಸ ಟೋಪಿ ಹಾಕಿಕೊಂಡು ಗೇಟಿನಲ್ಲಿ ನಿಂತರು. ಅವರ ಜೊತೆ ತಡವಳದ ಒಬ್ಬ ಗಿರಾಕಿ ತನ್ನ ಮೋಟರ್ ಸೈಕಲ್ ಮೇಲೆ ಬಂದಿದ್ದ. ಅವನಿಗೂ ಭಾಷಣ ಕೇಳುವ ಆಸೆ. ಗುರುಗಳನ್ನು ಕಾಕಾ ನೋಡಿರಲಿಲ್ಲ. ಬಿಳೀ ಧೋತರ, ದಪ್ಪ ಕನ್ನಡಕ, ಹೆಗಲಿಗೊಂದು ಜೋಳಿಗೆ ಎಂದು ಗುರುತು ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಬಸ್ಸು ನಿಂತಿತು. ಅದು ಯಾವ ಊರಿನದೆಂದು ನೋಡುವ ಮೊದಲೇ ಬಿಳೀ ಧೋತರ, ದಪ್ಪ ಕನ್ನಡಕ, ಜೋಳಿಗೆಯವರೊಬ್ಬರು ಇಳಿದರು. ಕಾಕಾ ಓಡಿಹೋಗಿ ಕಾಲು ಮುಟ್ಟಿ, ಕೈ ಹಿಡಿದು, ಜೋಳಿಗೆ ಇಸಿದುಕೊಂಡು, ನಿಧಾನ ನಿಧಾನ ಎನ್ನುತ್ತ ಒಳಗೆ ನಡೆಸಿಕೊಂಡು ಬಂದರು, ತಡವಳದವನೂ ಹಿಂದೆಯೇ ಬಂದ. ನಾನು ಸಭಾಗೃಹದ ಬಾಗಿಲಲ್ಲಿದ್ದೆ. "ತಗೋರಿ ಮಾಸ್ತರ, ನಿಮ್ಮ ಗುರುಗಳು. ಒಂದು ಗೀರು ಸೈತ ಬಿದ್ದಿಲ್ಲ."

ಆ ಮನುಷ್ಯರು ನನ್ನ ಗುರುಗಳಲ್ಲ. ಅವರು ನಗುತ್ತ ನಮಸ್ಕಾರ ಮಾಡಿ, "ಮೀ ಭೂಗೋಲಾಚಾ," ಎಂದರು. ಭೂಗೋಳದ ಗೋಷ್ಠಿಗೆ ಬಂದ ಮರಾಠಿ ಪ್ರಾಧ್ಯಾಪಕರು! ಇಷ್ಟು ಪ್ರೀತಿಯ ಸ್ವಾಗತ ತಮಗೆ ಎಲ್ಲೂ ಸಿಕ್ಕಿಲ್ಲ, ಅದಕ್ಕೇ ಸುಮ್ಮನೆ ಬಂದೆ ಎಂದರು. ಕಾಕಾನವರ ಮುಖ ಬೂದಿಯಾಯಿತು. ತಿರುಗಿ ಗೇಟಿಗೆ ಓಡಿದರು. ಅಷ್ಟರೊಳಗೆ ಅಕ್ಕಲಕೋಟದ ಬಸ್ಸು ಬಂದು, ನಿಂತು, ಯಾರನ್ನೂ ಕಾಣದೆ ಹೋಗಿಯಾಗಿತ್ತು.

ಮುಂದಿನದು ಫೋನಿನಲ್ಲಿ ತಿಳಿಯಿತು. "ಶೇಠ, ನಿಮ್ಮ ಸಾಹೇಬರು ಮೋಹೋಳದಾಗ ಅದಾರ," ಎಂದ ಕಂಡಕ್ಟರ್. "ಗೇಟಿನ್ಯಾಗ ನಿಮ್ಮ ಮಂದಿ ಯಾರೂ ಇರಲಿಲ್ಲ. ರಸ್ತೆ ಮ್ಯಾಲ ಹೆಂಗ ಬಿಡ್ಲಿ? ಕಂಟ್ರೋಲರನ ಖೋಲ್ಯಾಗ ಕುಂದರಿಸಿ ಚಾ ಕುಡಿಸೀನಿ." ಮೋಹೋಳ ಪುಣೆ ರಸ್ತೆಯಲ್ಲಿ ಮುಂದಿನ ದೊಡ್ಡ ಸ್ಟ್ಯಾಂಡು. ಅವನು ತನ್ನ ಕಟ್ಟಳೆ ಮೀರಿರಲಿಲ್ಲ. ಯಾರೂ ಬಾರದ ಗಂಟನ್ನು ಏನು ಮಾಡಬೇಕೋ ಅದನ್ನೇ ಮಾಡಿದ್ದ. ನನಗೆ ನಗು ಬಂತು, ಅದರ ಹಿಂದೆಯೇ ಸಭಾಗೃಹದ ಚಿಂತೆ ಬಂತು. ಸಂಚಾಲಕರು ಆಗಲೇ ಒಂದು ಸಲ ಇಣುಕಿ ಹೋಗಿದ್ದರು.

ಮೋಹೋಳದಲ್ಲಿ ಕಾಕಾನವರಿಗೆ ಗುರುತಿನವರು ಬೇಕಾದಷ್ಟಿದ್ದರು. ಒಂದು ಫೋನು ಸಾಕಿತ್ತು. ನಾನು ಅದನ್ನೇ ಹೇಳಿದೆ. ಅವರು ಒಪ್ಪಲಿಲ್ಲ. "ಇನ್ನ ಯಾರ ಕೈಯಾಗೂ ಕೊಡಂಗಿಲ್ಲ. ನಾ ಹೋಗಿ ತರ್ತೀನಿ. ನಿಮ್ಮ ಜಾಗಾ ಬಿಡಬ್ಯಾಡ್ರಿ," ಎಂದು ತಡವಳದವನ ಮೋಟರ್ ಸೈಕಲಿನ ಹಿಂದೆ ಏರಿ, ಧೋತರ ಸುತ್ತಿಕೊಂಡು ಹೊರಟೇಬಿಟ್ಟರು. ಹೊಸ ಟೋಪಿಯನ್ನು ಗಾಳಿಗೆ ಹಾರೀತೆಂದು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದರು.

ಆ ಹೊತ್ತು ಕಳೆದದ್ದು ನನಗೇ ಗೊತ್ತು. ಬಂದವರು ಕಡಿಮೆ, ಕೂತಲ್ಲಿ ಆಕಳಿಕೆ. ಸಂಚಾಲಕರು ಮತ್ತೆ ಬಂದರು. ಈ ಸಲ ಒಳಗೇ ಬಂದು ಗಡಿಯಾರ ನೋಡಿದರು. ಆಗ ಭೂಗೋಳದ ಪ್ರಾಧ್ಯಾಪಕರು, ತಮ್ಮ ಗೋಷ್ಠಿಗೆ ಹೋಗಬೇಕಾದವರು, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಮರಾಠಿಯಲ್ಲಿ, ನಾವು ಭಾಷಣಕ್ಕೆ ಕಾಯುತ್ತಿದ್ದೇವೆ, ಗದ್ದಲ ಮಾಡಬೇಡಿ ಎಂದರು. ಹೊರಗಿನಿಂದ ಬಂದ ದೊಡ್ಡ ಅತಿಥಿಯನ್ನು ಎಬ್ಬಿಸುವ ಧೈರ್ಯ ಸಂಚಾಲಕರಿಗೆ ಆಗಲಿಲ್ಲ. ಆ ಪುಣ್ಯಾತ್ಮರಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ.

ಮೋಟರ್ ಸೈಕಲ್ ಬಂತು. ಹಿಂದೆ ಗುರುಗಳು ಕೂತಿದ್ದರು, ಕನ್ನಡಕದ ಮೇಲೆ ಧೂಳು, ಮುಖದ ತುಂಬ ನಗು. ಕಾಕಾ ಇರಲಿಲ್ಲ. ಕೇಳಿದೆ. ಹಿರಿಯರನ್ನು ಟ್ರಿಪಲ್ ಸೀಟ್ ಕೂಡಿಸಿ ತರುವುದು ಬೇಡ ಎಂದು ತಮ್ಮ ಜಾಗ ಬಿಟ್ಟುಕೊಟ್ಟು, ತಾವು ಬಸ್ಸಿಗೆ ಬರುತ್ತೇನೆಂದು ಮೋಹೋಳದಲ್ಲೇ ಉಳಿದರಂತೆ. ಕಾಯೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಕಾಯುವ ಹಾಗಿರಲಿಲ್ಲ. ಗುರುಗಳನ್ನು ವೇದಿಕೆಗೆ ಹತ್ತಿಸಿದೆ.

"ಕಂಡಕ್ಟರಗ ಎಷ್ಟು ಹೇಳಿದ್ರೂ ಕೇಳ್ಲಿಲ್ಲ ನೋಡ್ರಿ," ಎಂದೇ ಅವರು ಮಾತು ಶುರುಮಾಡಿದರು. "ಅಜ್ಜಾರ, ನಿಮ್ಮನ್ನ ಕೊಡಾಕ ಹೇಳ್ಯಾರ, ಬಿಡಾಕ ಹೇಳಿಲ್ಲ ಅಂದ." ಸಭೆ ನಕ್ಕಿತು. ನಗು ಕೇಳಿ ಪಕ್ಕದ ಗೋಷ್ಠಿಯವರು ನಾಲ್ಕಾರು ಮಂದಿ ಬಂದು ಹಿಂದೆ ನಿಂತರು. ಆಮೇಲೆ ಅವರು ಬೀಸುಕಲ್ಲಿನ ಪದಗಳಿಗೆ ಬಂದರು. ತವರಿಗೆ ಕರೆಯಲು ಬರುವ ಅಣ್ಣನಿಗೆ ತಂಗಿ ಹಾಡಿನಲ್ಲೇ ದಾರಿ ಹೇಳುತ್ತಾಳೆ. ಯಾವ ಊರು ದಾಟಬೇಕು, ಯಾವ ಬಾವಿಯ ನೀರು ಸಿಹಿ, ಯಾವ ಗುಡಿಯ ಮುಂದೆ ಎತ್ತು ಬಿಡಬೇಕು... ಓದುಬರಹ ತಿಳಿಯದ ಹೆಂಗಸರು ಒಂದು ಸೀಮೆಯನ್ನೇ ಬಾಯಲ್ಲಿ ಇಟ್ಟುಕೊಂಡಿದ್ದರು ಎಂದರು. ಕಣ್ಣು ಮುಚ್ಚಿ ಎರಡು ಪದ ಹಾಡಿಯೂ ಬಿಟ್ಟರು. ಅಂಥ ಭಾಷಣವನ್ನು ನಾನು ಮತ್ತೆ ಕೇಳಲಿಲ್ಲ.

ಕಾಕಾ ಬಂದಾಗ ಎಲ್ಲರೂ ಊಟಕ್ಕೆ ಹೋಗಿದ್ದರು. ಬಂದ ಬಸ್ಸೆಲ್ಲ ತುಂಬಿಕೊಂಡೇ ಬಂದವಂತೆ, ಒಂದೂ ನಿಲ್ಲಲಿಲ್ಲವಂತೆ. ಕಡೆಗೆ ಯಾವುದೋ ಲಾರಿ ಹತ್ತಿ ಬಂದಿದ್ದರು. ಸಭಾಗೃಹದ ಬಾಗಿಲಲ್ಲಿ ನಿಂತು ಖಾಲಿ ಕುರ್ಚಿಗಳನ್ನು ನೋಡಿದರು.

"ಮುಗೀತೇನ್ರಿ?"

"ಮುಗೀತ್ರಿ ಕಾಕಾ."

"ಛಲೋ ಆತೇನು?"

"ಭಾಳ ಛಲೋ ಆತ್ರಿ."

"ಹಂಗಾರ ಆತ ಬಿಡ್ರಿ," ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ಅವರು ಹೇಳಲಿಲ್ಲ, ನನಗೇ ಅನ್ನಿಸಿತು. ಬೆಳಗಿನ ಸುದ್ದಿ ಕೇಳಿ ಗಾಬರಿಯಾದ ಗುರುಗಳ ಅಳಿಯ ಯಾರದೋ ಜೀಪು ತಂದು ಕಾಯುತ್ತಿದ್ದರು. ಕಾಕಾ ಹೋಗಿ ಗುರುಗಳ ಕಾಲು ಮುಟ್ಟಿ, ತಪ್ಪಾಯಿತು ಎಂದರು. ಗುರುಗಳು ಅವರ ಬೆನ್ನು ತಡವಿ ಏನೋ ಅಂದರು. ಜೀಪು ಹೊರಟಿತು.

ಸಂಜೆ ನನ್ನನ್ನು ಗಾದಿಗೆ ಕರೆದರು. ಅಂಗಡಿ ಮುಚ್ಚಿತ್ತು, ಒಳಗೆ ಒಂದೇ ದೀಪ. "ಈಗ ಹೇಳ್ರಿ. ಅವರು ಹೆಂಗ ಹೇಳಿದ್ರು, ಹಂಗ ಹೇಳ್ರಿ," ಎಂದರು. ನೆನಪಿದ್ದಷ್ಟನ್ನು ಹೇಳಿದೆ. ಅಣ್ಣನಿಗೆ ದಾರಿ ಹೇಳುವ ಪದದ ಮಾತು ಬಂದಾಗ ತಡೆದರು. "ನಮ್ಮವ್ವ ಕಂದಲಗಾಂವದಾಕಿ. ಬೀಸಾಕ ಕುಂತ್ರ ಆ ದಾರಿ ಎಲ್ಲಾ ಹಾಡ್ತಿದ್ಲು. ಯುನಿವರ್ಸಿಟಿದಾಗ ಅದನ್ನ ಹೇಳಿದ್ರಾ?" ಹೇಳಿದರು ಎಂದೆ. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಆ ಮೇಲೆ ಎಷ್ಟೋ ಸಂಜೆ ಅದೇ ಮಾತು. ಗುರುಗಳು ನಿಂತು ಹೇಳಿದರೋ, ಕೂತೋ? ಮೈಕು ಇತ್ತೋ? ಚಪ್ಪಾಳೆ ಯಾವಾಗ ಬಿತ್ತು? ಮುಂದಿನ ಸಾಲಿನಲ್ಲಿ ಯಾರು ಯಾರು ಇದ್ದರು? ಇಷ್ಟೆಲ್ಲ ಯಾಕೆ ಬೇಕು ಇವರಿಗೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಮುಂದಿನ ವರ್ಷ ಕಾಕಾ ಮೊದಲೇ ಕೇಳಿದರು, ಯಾವಾಗ ಅಂತ. ಆ ವರ್ಷ ಕನ್ನಡದ ಗೋಷ್ಠಿ ಇರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ. ನಾನು ಅರ್ಜಿ ಹಾಕಿ ಹಾಕಿ ಸಾಕಾಗಿ ಬಿಟ್ಟೆ, ಮನೆ ಬದಲಿಸಿದೆ. ಗುರುಗಳು ಹೋದರು. ಒಂದು ಬೇಸಿಗೆಯಲ್ಲಿ ಕಾಕಾನೂ ಹೋದರು. ಮಣ್ಣಿಗೆ ಹೋಗಿದ್ದೆ, ಬಂದು ಸ್ನಾನ ಮಾಡಿದೆ, ಮರುದಿನ ಕಾಲೇಜಿಗೆ ಹೋದೆ...

ನಿನ್ನೆ ದಾರಿಯ ಪುಟ ಬರೆದು ಮುಗಿಸಿ ಕಳಿಸಿದ್ದೆ. ಅವರು ಅದನ್ನು ನನ್ನ ಹೆಸರು, ನಂಬರಿನ ಸಮೇತ ಎಲ್ಲರ ಫೋನುಗಳಿಗೂ ಹರಿಬಿಟ್ಟಿದ್ದರು ಕಾಣುತ್ತದೆ. ಇವತ್ತು ಬೆಳಿಗ್ಗೆ ಪುಣೆಯಿಂದ ಒಂದು ಫೋನು ಬಂತು. ಕಾಕಾನವರ ಮೊಮ್ಮಗಳು, ಈಗ ಅಲ್ಲಿ ಗಂಡನ ಮನೆಯಲ್ಲಿದ್ದಾಳೆ. "ಮಾಮಾ, ಕನ್ನಡ ಕಾರ್ಯಕ್ರಮಕ್ಕ ನಾ ಬರಾಕತ್ತೀನಿ. ನೀವು ಬರ್ದದ್ದು ಬಂದದ ಖರೆ, ನನಗ ಓದಾಕ ಬರೂದಿಲ್ಲ. ಬಾಯಿಲೆ ಹೇಳ್ರಿ." ಪುಣೆಯಿಂದ ಬರುವವರ ದಾರಿ ಬರೆಯುವುದನ್ನು ನಾನು ಮರೆತೇ ಬಿಟ್ಟಿದ್ದೆ. ನೀ ಊರೊಳಗ ಬರಬ್ಯಾಡವ್ವ, ಮೋಹೋಳ ದಾಟಿದ ಮ್ಯಾಲ ಕಂಡಕ್ಟರಗ ಹೇಳಿಡು, ಯುನಿವರ್ಸಿಟಿ ಮೊದಲಽ ಬರ್ತದ, ಎಂದೆ. ಬರಂ, ಬರಂ ಎಂದು ಮರಾಠಿಯಲ್ಲಿ ಹೂಂಗುಟ್ಟಿದಳು.

ಆಮೇಲೆ ಕೇಳಿದಳು. "ಅಜ್ಜಾರು ಪ್ರತಿ ದೀಪಾವಳಿಗಿ ಎಲ್ಲಾರನ್ನೂ ಕುಂದರಿಸ್ಕೊಂಡು ಒಂದಽ ಹೇಳ್ತಿದ್ರು ಮಾಮಾ. ಯುನಿವರ್ಸಿಟಿದಾಗ ಮುಂದಿನ ಸಾಲಿನ್ಯಾಗ ಕುಂತು ಕನ್ನಡ ಭಾಷಣ ಕೇಳೀನಿ, ನಮ್ಮವ್ವ ಹಾಡೂ ಪದದ ಬಗ್ಗೆ ಹೇಳಿದ್ರು ಅಂತ. ಗುರುಗಳು ಕಣ್ಣು ಮುಚ್ಚಿ ಹೆಂಗ ಹಾಡಿದ್ರು ಅನ್ನೂದೂ ಮಾಡಿ ತೋರಿಸ್ತಿದ್ರು. ಆವತ್ತು ನೀವು ಅವರ ಬಾಜೂಕಽ ಕುಂತಿದ್ರಂತ, ಹೌದಲ್ಲ?"

ಆ ಕೋರಾ ಚೀಲ ಇನ್ನೂ ಮೇಜಿನ ಮೇಲಿತ್ತು, ಅದನ್ನು ಹತ್ತಿರ ಎಳೆದುಕೊಂಡೆ.

"ಹೌದವ್ವ," ಎಂದೆ. "ಬಾಜೂಕಽ ಕುಂತಿದ್ದೆ. ಭಾಳ ಖುಷಿಲೆ ಕೇಳಿದ್ರು."

ಫೋನು ಇಟ್ಟ ಮೇಲೆ ನಾನು ಅತ್ತೆ. ಅವರು ಹೋದ ದಿನ ಅತ್ತಿರಲಿಲ್ಲ.